ಶಾಂತಿಪಾಲನೆ ಮತ್ತು ಭಾರತದ ನಿಲುವು: ಎರಡು ಸಲ ಮಾಡಿದ ಒಂದು ಪಾಠ

ಪಾಠದ ಹಿನ್ನೆಲೆ

ಅಭ್ಯಾಸ ಬೋಧನೆಗೆ ನನಗೆ ಹಂಚಿಕೆಯಾದದ್ದು ಕೃಷ್ಣಮೂರ್ತಿಪುರಂನ ಒಂದು ಪ್ರೌಢಶಾಲೆಯ ಹತ್ತನೇ ತರಗತಿ, ಕನ್ನಡ ಮಾಧ್ಯಮ, ಸಮಾಜ ವಿಜ್ಞಾನ. ವಿಶ್ವಸಂಸ್ಥೆಯ ರಚನೆ ಮತ್ತು ಅಂಗಸಂಸ್ಥೆಗಳನ್ನು ತರಗತಿಯ ಶಿಕ್ಷಕರು ಆಗಲೇ ಮುಗಿಸಿದ್ದರು. ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಭಾರತದ ಪಾತ್ರ ಎಂಬ ಭಾಗ ನನ್ನ ಪಾಲಿಗೆ ಬಂತು. ನಲವತ್ತು ನಿಮಿಷದ ಒಂದು ಅವಧಿಯಲ್ಲಿ ಮುಗಿಯುವ ಪಾಠವೆಂದು ನಾನು ಎಣಿಸಿದ್ದೆ. ಕೊನೆಗೆ ಅದು ಮೂರು ಅವಧಿಗಳನ್ನು ತೆಗೆದುಕೊಂಡಿತು. ಹಾಗಾದದ್ದು ಏಕೆ, ಮೊದಲ ಪಾಠದಲ್ಲಿ ನಾನು ಎಲ್ಲಿ ಎಡವಿದೆ, ಎರಡನೆಯ ಸಲ ಏನನ್ನು ಬದಲಾಯಿಸಿದೆ ಎಂಬುದನ್ನು ಸಹ ಪ್ರಶಿಕ್ಷಣಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲ ಪಾಠ

ನನ್ನ ಪಾಠಯೋಜನೆ ನೋಡಲು ಅಚ್ಚುಕಟ್ಟಾಗಿಯೇ ಇತ್ತು. ಪೀಠಿಕೆಗೆ ನೀಲಿ ಶಿರಸ್ತ್ರಾಣದ ಸೈನಿಕನ ಚಿತ್ರ, ಮೂರು ಪ್ರಶ್ನೆ, ಉದ್ದೇಶ ಕಥನ. ಆಮೇಲೆ ಕಪ್ಪುಹಲಗೆಯ ಸಾರಾಂಶ. ಅದರಲ್ಲಿ ಎರಡು ವಾಕ್ಯಗಳನ್ನು ದೊಡ್ಡದಾಗಿ ಬರೆದೆ. ಒಂದು, ‘ಭಾರತವು ಶಾಂತಿಪ್ರಿಯ ದೇಶವಾದ್ದರಿಂದ ಶಾಂತಿಪಾಲನಾ ಪಡೆಗೆ ಸೈನಿಕರನ್ನು ಕಳುಹಿಸುತ್ತದೆ.’ ಇನ್ನೊಂದು, ‘ಈ ಕಾರ್ಯದಲ್ಲಿ 160ಕ್ಕೂ ಹೆಚ್ಚು ಭಾರತೀಯರು ಪ್ರಾಣ ತೆತ್ತಿದ್ದಾರೆ.’ ಎರಡನ್ನೂ ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕಾಗುತ್ತಿತ್ತು.

ಅಷ್ಟರಲ್ಲಿ ಮೂರನೇ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: ‘ಮಿಸ್, ಶಾಂತಿ ಕಾಯೋಕೆ ಹೋದವ್ರು ಬುಲೆಟ್ ಪ್ರೂಫ್ ಜಾಕೆಟ್ ಯಾಕೆ ಹಾಕ್ಕೋತಾರೆ?’

ಕೆಲವು ಮಕ್ಕಳು ನಕ್ಕರು. ನಾನೂ ನಗುನಗುತ್ತಲೇ, ‘ಒಳ್ಳೆ ಪ್ರಶ್ನೆ, ಮುಂದೆ ನೋಡೋಣ’ ಎಂದೆ. ನನ್ನ ಟಿಪ್ಪಣಿಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಚಾಮರಾಜಪುರಂ ನಿಲ್ದಾಣದ ಕಡೆಯಿಂದ ರೈಲಿನ ಕೂಗು ಕೇಳಿತು, ಅದರ ಹಿಂದೆಯೇ ಗಂಟೆಯೂ ಹೊಡೆಯಿತು. ಬದುಕಿದೆ ಎಂದುಕೊಂಡು ಹೊರಗೆ ಬಂದೆ.

ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಧ್ವನಿ, ಕಪ್ಪುಹಲಗೆಯ ಬಳಕೆ, ಸಮಯಪಾಲನೆ ಎಲ್ಲಕ್ಕೂ ‘ಉತ್ತಮ’ ಎಂದು ಬರೆದಿದ್ದರು. ಕೆಳಗೆ ಒಂದೇ ಸಾಲು: ‘ಮಗುವಿನ ಪ್ರಶ್ನೆ ಹಾಗೇ ಉಳಿಯಿತು.’ ಶಿಕ್ಷಕರ ಕೊಠಡಿಯಲ್ಲಿ ಅವರು ಇನ್ನೂ ಒಂದು ಮಾತು ಹೇಳಿದರು. ಆ ಹುಡುಗಿಯ ತಂದೆ ಸೇನೆಯಲ್ಲಿ ಹವಾಲ್ದಾರ್. ಕೆಲವು ತಿಂಗಳಿಂದ ವಿಶ್ವಸಂಸ್ಥೆಯ ಪಡೆಯೊಂದಿಗೆ ದಕ್ಷಿಣ ಸುಡಾನ್‌ನಲ್ಲಿದ್ದಾರೆ. ತಾಯಿ, ಮಗಳು ಕೃಷ್ಣಮೂರ್ತಿಪುರಂನಲ್ಲೇ ಅಜ್ಜಿಯ ಮನೆಯಲ್ಲಿದ್ದಾರೆ.

ಅಂದರೆ ಅವಳ ಕಣ್ಣೆದುರೇ ಸತ್ತವರ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದು, ಅದಕ್ಕೆ ಕಾರಣವಾಗಿ ‘ಶಾಂತಿಪ್ರಿಯ’ ಎಂಬ ಒಂದು ವಿಶೇಷಣವನ್ನು ಮಾತ್ರ ನಾನು ಕೊಟ್ಟಿದ್ದೆ.

ಮರುಯೋಜನೆಗೆ ಮುಂಚೆ

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳನ್ನು ವರಾಂಡದಲ್ಲಿ ಮಾತನಾಡಿಸಿದೆ. ‘ಆ ಪಾಠ ಇನ್ನೊಂದು ಸಲ ಮಾಡ್ತೀನಿ ಪುಟ್ಟಾ. ಸಾವು ನೋವಿನ ಮಾತು ಬಂದೇ ಬರುತ್ತೆ. ನಿಂಗೆ ಕಷ್ಟ ಅನ್ನಿಸಿದ್ರೆ ಮೊದಲೇ ಹೇಳು’ ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬರಲಿ ಮಿಸ್. ಆದ್ರೆ ಆಗ ಎಲ್ರೂ ನನ್ನೇ ತಿರುಗಿ ನೋಡ್ತಾರಲ್ಲ, ಹಂಗಾಗ್ಬಾರ್ದು’ ಎಂದಳು.

ಈ ಮಾತು ನನ್ನ ಯೋಜನೆಯನ್ನು ಎರಡು ರೀತಿಯಲ್ಲಿ ಬದಲಾಯಿಸಿತು. ಸಂಖ್ಯೆಯನ್ನು ಹಲಗೆಯ ಮೇಲೆ ಒಂಟಿಯಾಗಿ ನಿಲ್ಲಿಸಬಾರದು. ಪ್ರತಿ ಘಟನೆಯೊಳಗೆ, ಅದರ ಕಾರಣದ ಜೊತೆಗೇ ಬರಬೇಕು. ಮಕ್ಕಳ ಕಣ್ಣು ತಮ್ಮ ತಮ್ಮ ಕೈಯಲ್ಲಿರುವ ಕಾಗದದ ಮೇಲಿರಬೇಕು. ಹಾಗಾಗಿ ಉಪನ್ಯಾಸ ವಿಧಾನವನ್ನು ಬಿಟ್ಟು ಗುಂಪು ಚಟುವಟಿಕೆಯನ್ನು ಆರಿಸಿಕೊಂಡೆ.

ವಿಷಯದ ಮಟ್ಟಿಗೂ ಒಂದು ತೀರ್ಮಾನಕ್ಕೆ ಬಂದೆ. ದೇಶದ ನಿಲುವನ್ನು ಅದರ ಹುಟ್ಟುಗುಣ ಎಂಬಂತೆ ಕಲಿಸಬಾರದು. ಅದು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನ ತೆಗೆದುಕೊಂಡ ನಿರ್ಧಾರಗಳ ಸಾಲು. ಪ್ರತಿ ನಿರ್ಧಾರಕ್ಕೂ ನಾಲ್ಕು ಪ್ರಶ್ನೆ ಕೇಳಬಹುದು: ಯಾರು ಕರೆದರು? ಅಲ್ಲಿನವರು ಒಪ್ಪಿದ್ದರೆ? ಕೆಲಸ ಏನು? ಬೆಲೆ ಏನು? ಈ ನಾಲ್ಕನ್ನೇ ಹಲಗೆಯ ಮೇಲೆ ನಾಲ್ಕು ಅಂಕಣಗಳಾಗಿ ಬರೆಯಲು ನಿಶ್ಚಯಿಸಿದೆ.

ಪೀಠಿಕೆ: ಮೈಸೂರಿನಿಂದ ಸೂಯೆಜ್‌ಗೆ

ಎರಡನೇ ಪಾಠಕ್ಕೆ ಜೋಡಿ ಅವಧಿ ಸಿಕ್ಕಿತು. ಮಕ್ಕಳಿಗೆ ಗೊತ್ತಿದ್ದುದರಿಂದಲೇ ಶುರುಮಾಡಿದೆ. ಮೊದಲ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಅಶ್ವದಳ, ಅಂದರೆ ಮೈಸೂರು ಲ್ಯಾನ್ಸರ್ಸ್, ಸೂಯೆಜ್ ಕಾಲುವೆಯ ರಕ್ಷಣೆಗೆ ಹೋಗಿತ್ತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಂದಿಗೆ ಸೇರಿ ಹೈಫಾ ಪಟ್ಟಣವನ್ನು ಗೆದ್ದಿತು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಯೋಧರಲ್ಲಿ ಒಬ್ಬ ನಮ್ಮ ಮೈಸೂರಿನ ದಳವನ್ನು ಪ್ರತಿನಿಧಿಸುತ್ತಾನೆ. ಇಷ್ಟನ್ನು ಹೇಳಿ, ‘ಅವರನ್ನ ಕರೆದವರು ಯಾರು?’ ಎಂದು ಕೇಳಿದೆ. ‘ಬ್ರಿಟಿಷರು ಮಿಸ್’ ಎಂದು ಹಲವು ದನಿಗಳು ಬಂದವು.

‘ನಲವತ್ತು ವರ್ಷ ಆದ್ಮೇಲೆ, 1956ರಲ್ಲಿ, ಅದೇ ಸೂಯೆಜ್ ಕಡೆಗೆ ಮತ್ತೆ ಭಾರತದ ಸೈನಿಕರು ಹೋದರು. ಆಗ ಯಾರು ಕರೆದರು?’ ಎಂದೆ. ತರಗತಿ ಸುಮ್ಮನಾಯಿತು. ‘ಅದನ್ನ ಇವತ್ತು ನೀವೇ ಹುಡುಕಬೇಕು’ ಎಂದು ಉದ್ದೇಶ ಕಥನ ಮಾಡಿ ಆರು ಗುಂಪುಗಳಿಗೆ ಆರು ಚೀಟಿ ಹಂಚಿದೆ.

ಆರು ಚೀಟಿಗಳು

ಚೀಟಿಗಳ ಸಾರವನ್ನು ಇಲ್ಲಿ ಕೊಡುತ್ತಿದ್ದೇನೆ. ಬೇಕಾದವರು ಇದನ್ನೇ ಬಳಸಿಕೊಳ್ಳಬಹುದು.

ಚೀಟಿ 1, ಕೊರಿಯಾ. 1950ರಲ್ಲಿ ಕೊರಿಯಾ ಯುದ್ಧ ಶುರುವಾದಾಗ ಭಾರತ ಕಾದಾಡುವ ಪಡೆಯನ್ನು ಕಳುಹಿಸಲಿಲ್ಲ; ಒಂದು ವೈದ್ಯಕೀಯ ದಳವನ್ನು ಮಾತ್ರ ಕಳುಹಿಸಿತು. 1953ರಲ್ಲಿ ಕದನವಿರಾಮವಾದಾಗ ಊರಿಗೆ ಮರಳಲು ಒಪ್ಪದ ಯುದ್ಧಕೈದಿಗಳ ಸಮಸ್ಯೆ ಉಳಿಯಿತು. ದಕ್ಷಿಣದ ಪಾಳಯದಲ್ಲಿದ್ದ ಅಂಥವರು 22,000ಕ್ಕೂ ಹೆಚ್ಚು. ಅವರನ್ನು ನೋಡಿಕೊಳ್ಳಲು ಐದು ತಟಸ್ಥ ದೇಶಗಳ ಆಯೋಗವಾಯಿತು. ಅದರ ಅಧ್ಯಕ್ಷರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಕಾವಲು ಪಡೆಯನ್ನು ಕೊಟ್ಟದ್ದು ಭಾರತ ಒಂದೇ. ಎರಡೂ ಕಡೆಯ ಸೇನೆಗಳು ಒಪ್ಪಿದ್ದವು. ಆದರೆ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಕೂಡದೆಂದರು. ಹೀಗಾಗಿ ಹಡಗಿನಿಂದ ಹೆಲಿಕಾಪ್ಟರ್‌ನಲ್ಲಿ ಅವರನ್ನು ನೇರವಾಗಿ ಸೇನಾರಹಿತ ವಲಯಕ್ಕೆ ಒಯ್ಯಬೇಕಾಯಿತು.

ಚೀಟಿ 2, ಸೂಯೆಜ್ ಮತ್ತು ಗಾಜಾ. 1956ರಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ಇಸ್ರೇಲ್ ಈಜಿಪ್ಟಿನ ಮೇಲೆ ದಾಳಿ ಮಾಡಿದವು. ವಿಶ್ವಸಂಸ್ಥೆ ಮೊದಲ ಬಾರಿಗೆ ಶಸ್ತ್ರಸಜ್ಜಿತ ಶಾಂತಿಪಾಲನಾ ಪಡೆ ಕಟ್ಟಿತು. ನೀಲಿ ಶಿರಸ್ತ್ರಾಣ ಬಳಕೆಗೆ ಬಂದದ್ದು ಆಗಲೇ. ಈಜಿಪ್ಟಿನ ಒಪ್ಪಿಗೆಯ ಮೇಲೆ ಭಾರತದ ಸೈನಿಕರು ಅಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಇದ್ದರು. 1967ರ ಮೇ ತಿಂಗಳಲ್ಲಿ ಈಜಿಪ್ಟ್ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಿತು. ಪಡೆ ಪೂರ್ತಿ ಹೊರಡುವ ಮೊದಲೇ ಜೂನ್ 5ರಂದು ಯುದ್ಧ ಶುರುವಾಗಿ ಗಾಜಾದಲ್ಲಿ ಹಲವು ಭಾರತೀಯ ಸೈನಿಕರು ಸತ್ತರು.

ಚೀಟಿ 3, ಕಾಂಗೊ. 1960ರಲ್ಲಿ ಸ್ವತಂತ್ರವಾದ ಕಾಂಗೊ ದೇಶ ಸಹಾಯಕ್ಕಾಗಿ ವಿಶ್ವಸಂಸ್ಥೆಯನ್ನು ಕರೆಯಿತು. ಮರುವರ್ಷ ಅದರ ಮೊದಲ ಪ್ರಧಾನಿ ಲುಮುಂಬಾ ಅವರ ಕೊಲೆಯ ನಂತರ, ಅಂತರ್ಯುದ್ಧ ತಡೆಯಲು ಬೇರೆ ದಾರಿಯೇ ಇಲ್ಲದಾಗ ಬಲ ಬಳಸಬಹುದೆಂದು ಭದ್ರತಾ ಮಂಡಳಿ ಹೇಳಿತು. ಭಾರತ ಒಂದು ಇಡೀ ಬ್ರಿಗೇಡನ್ನೂ ಕ್ಯಾನ್‌ಬೆರಾ ಯುದ್ಧವಿಮಾನಗಳನ್ನೂ ಕಳುಹಿಸಿತು. 1961ರ ಡಿಸೆಂಬರ್ 5ರಂದು ಎಲಿಜಬೆತ್‌ವಿಲ್‌ನಲ್ಲಿ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಹೋರಾಡುತ್ತ ಮಡಿದರು. ಅವರಿಗೆ ಪರಮವೀರ ಚಕ್ರ ಬಂತು. 1962ರ ಚೀನಾ ಯುದ್ಧದ ನಂತರ, 1963ರಲ್ಲಿ, ಬ್ರಿಗೇಡ್ ಮರಳಿತು.

ಚೀಟಿ 4, ಸೈಪ್ರಸ್. ಗ್ರೀಕ್ ಮತ್ತು ಟರ್ಕಿ ಮೂಲದ ಜನರ ನಡುವಿನ ಘರ್ಷಣೆ ತಡೆಯಲು 1964ರ ಮಾರ್ಚ್‌ನಲ್ಲಿ ಸೈಪ್ರಸ್ ಸರ್ಕಾರದ ಒಪ್ಪಿಗೆಯೊಂದಿಗೆ ಪಡೆ ರಚನೆಯಾಯಿತು. ಮೊದಲ ದಂಡನಾಯಕ ಭಾರತದ ಜನರಲ್ ಗ್ಯಾನಿ. ಅವರ ನಂತರ, ಆ ಹೊತ್ತಿಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾಗಿದ್ದ ಜನರಲ್ ತಿಮ್ಮಯ್ಯ. ಆದರೆ ಅವರ ಕೈಕೆಳಗೆ ಭಾರತದ ಪಡೆ ಇರಲಿಲ್ಲ. ಬ್ರಿಟನ್, ಕೆನಡಾ, ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ದೇಶಗಳ ಸೈನಿಕರಿದ್ದರು. 1965ರ ಡಿಸೆಂಬರ್ 18ರಂದು ತಿಮ್ಮಯ್ಯನವರು ಕರ್ತವ್ಯದಲ್ಲಿದ್ದಾಗಲೇ ಅಲ್ಲಿ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ಚೀಟಿ 5, ಶ್ರೀಲಂಕಾ. 1987ರ ಜುಲೈ 29ರ ಒಪ್ಪಂದದಂತೆ ಭಾರತೀಯ ಶಾಂತಿಪಾಲನಾ ಪಡೆ ಹೋಯಿತು. ಹೆಸರು ಶಾಂತಿಪಾಲನೆ, ಆದರೆ ವಿಶ್ವಸಂಸ್ಥೆಯ ಪಡೆಯಲ್ಲ. ಕರೆದದ್ದು ಶ್ರೀಲಂಕಾ ಸರ್ಕಾರ. ಕೆಲವೇ ತಿಂಗಳಲ್ಲಿ ಎಲ್‌ಟಿಟಿಇ ಜೊತೆ ನೇರ ಯುದ್ಧವಾಯಿತು. ಮುಂದೆ ಅಲ್ಲಿ ಅಧ್ಯಕ್ಷರು ಬದಲಾದರು. ಹೊಸಬರು ಹೊರಡಿ ಎಂದರು. 1990ರ ಮಾರ್ಚ್‌ನಲ್ಲಿ ಪಡೆ ಮರಳುವ ಹೊತ್ತಿಗೆ 1,100ಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು.

ಚೀಟಿ 6, ಸಿಯೆರಾ ಲಿಯೋನ್ ಮತ್ತು ಇರಾಕ್. 2000ದ ಮೇ ತಿಂಗಳಲ್ಲಿ ಸಿಯೆರಾ ಲಿಯೋನ್‌ನ ಬಂಡುಕೋರರು ವಿಶ್ವಸಂಸ್ಥೆಯ ನೂರಾರು ಸೈನಿಕರನ್ನು ಒತ್ತೆಯಾಳಾಗಿ ಹಿಡಿದರು. ಕೈಲಾಹುನ್‌ನಲ್ಲಿ ಭಾರತದ ಗೂರ್ಖಾ ಸೈನಿಕರು ಎರಡು ತಿಂಗಳಿಗೂ ಹೆಚ್ಚು ಕಾಲ ಮುತ್ತಿಗೆಯಲ್ಲಿದ್ದರು. ಜುಲೈನಲ್ಲಿ ಅವರನ್ನು ಕಾರ್ಯಾಚರಣೆ ನಡೆಸಿ ಬಿಡಿಸಲಾಯಿತು. ಪಡೆಯ ನಾಯಕತ್ವದೊಳಗೇ ಭಿನ್ನಾಭಿಪ್ರಾಯ ಎದ್ದಿತ್ತು. ಅದೇ ವರ್ಷ ಭಾರತ ತನ್ನ ಸೈನಿಕರನ್ನು ಹಿಂದಕ್ಕೆ ಕರೆಸಿಕೊಳ್ಳಲು ತೀರ್ಮಾನಿಸಿತು. 2003ರಲ್ಲಿ ಇರಾಕಿಗೆ ಸೈನ್ಯ ಕಳುಹಿಸಿ ಎಂದು ಅಮೆರಿಕ ಕೇಳಿತು. ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಕಳುಹಿಸುವುದಿಲ್ಲವೆಂದು ಜುಲೈ 14ರಂದು ಭಾರತ ತಿಳಿಸಿತು.

ತರಗತಿಯಲ್ಲಿ ನಡೆದದ್ದು

ಮೊದಲ ಹತ್ತು ನಿಮಿಷ ಗದ್ದಲವೇ ಆಯಿತು. ‘ಒಪ್ಪಿದ್ದರೆ?’ ಎಂಬ ಅಂಕಣದಲ್ಲಿ ‘ಹೌದು’ ಅಥವಾ ‘ಇಲ್ಲ’ ಎಂದು ಬರೆದು ಮುಗಿಸಲು ಎಲ್ಲ ಗುಂಪುಗಳೂ ನೋಡಿದವು. ಕೊರಿಯಾ ಗುಂಪಿಗೆ ಅದು ಆಗಲಿಲ್ಲ. ಒಬ್ಬ ‘ಹೌದು’ ಎಂದ, ಇನ್ನೊಬ್ಬ ‘ಹಂಗಾದ್ರೆ ಹೆಲಿಕಾಪ್ಟರ್ ಯಾಕೆ ಬೇಕಿತ್ತು?’ ಎಂದ. ಕೊನೆಗೆ ‘ಅರ್ಧ ಹೌದು’ ಎಂದು ಬರೆದರು. ಅದನ್ನು ನಾನು ತಿದ್ದಲಿಲ್ಲ. ಶ್ರೀಲಂಕಾ ಗುಂಪು ‘ಮೊದಲು ಹೌದು, ಆಮೇಲೆ ಇಲ್ಲ’ ಎಂದಿತು. ಗಾಜಾ ಗುಂಪಿನದೂ ಅದೇ ಉತ್ತರ. ಶಾಂತಿಪಾಲನೆಯ ಮೂರು ತತ್ವಗಳನ್ನು ಹೇಳಲು ಅದೇ ಸರಿಯಾದ ಗಳಿಗೆ ಎನ್ನಿಸಿತು: ಸಂಬಂಧಪಟ್ಟ ಕಡೆಯವರ ಸಮ್ಮತಿ, ನಿಷ್ಪಕ್ಷಪಾತ, ಆತ್ಮರಕ್ಷಣೆಗೆ ಅಥವಾ ಆದೇಶದ ರಕ್ಷಣೆಗೆ ಹೊರತು ಬಲಪ್ರಯೋಗ ಮಾಡದಿರುವುದು. ವ್ಯಾಖ್ಯಾನವನ್ನು ಮೊದಲು ಕೊಟ್ಟು ಉದಾಹರಣೆ ಹುಡುಕಿಸುವ ಬದಲು, ಉದಾಹರಣೆಗಳಲ್ಲಿ ಮಕ್ಕಳು ಸಿಕ್ಕಿಕೊಂಡ ಮೇಲೆ ತತ್ವ ಹೇಳಿದ್ದರಿಂದ ಅದು ಬೇಗ ಹಿಡಿಯಿತು.

ಸೈಪ್ರಸ್ ಗುಂಪಿನಲ್ಲಿದ್ದ ಒಬ್ಬ ಹುಡುಗನ ತಾಯಿಯ ಊರು ಕೊಡಗು. ‘ಮಡಿಕೇರಿ ಸರ್ಕಲ್ಲಲ್ಲಿ ಅವರ ಪ್ರತಿಮೆ ಇದೆ ಮಿಸ್, ಅವರು ಹುಟ್ಟಿದ ಮನೆ ಈಗ ಮ್ಯೂಸಿಯಂ’ ಎಂದು ಹೆಮ್ಮೆಯಿಂದ ಹೇಳಿದ. ‘ಸನ್ನಿ ಸೈಡ್’ ಎಂಬ ಆ ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಆ ಗುಂಪಿಗೆ ಒಂದು ಹೆಚ್ಚಿನ ಪ್ರಶ್ನೆ ಕೊಟ್ಟೆ: ಕಾಂಗೊಗೆ ಇಡೀ ಬ್ರಿಗೇಡ್ ಕಳುಹಿಸಿದ ದೇಶ, ಮೂರೇ ವರ್ಷದ ಮೇಲೆ ಸೈಪ್ರಸ್‌ಗೆ ದಂಡನಾಯಕರನ್ನು ಮಾತ್ರ ಕೊಟ್ಟದ್ದೇಕೆ? ಕಾಂಗೊ ಗುಂಪಿನವರ ಚೀಟಿಯನ್ನು ಎರವಲು ಪಡೆದು ಅವರು ಉತ್ತರ ಹುಡುಕಿದರು: ‘ನಡುವೆ 1962ರ ಯುದ್ಧ ಬಂತು. ಸೈನ್ಯ ಮನೆಯಲ್ಲೇ ಬೇಕಿತ್ತು.’ ಅದು ಒಳ್ಳೆಯ ಊಹೆ ಎಂದೆ. ಜೊತೆಗೆ, ಸೈಪ್ರಸ್‌ನಲ್ಲಿ ಪಡೆ ಕೊಟ್ಟ ದೇಶಗಳೇ ಖರ್ಚಿನ ದೊಡ್ಡ ಪಾಲು ಹೊರಬೇಕಿತ್ತು, ಉಳಿದದ್ದು ವಂತಿಗೆಯಿಂದ ಬರಬೇಕಿತ್ತು ಎಂಬುದನ್ನೂ ತಿಳಿಸಿದೆ. ಒಂದು ನಿರ್ಧಾರಕ್ಕೆ ಹಲವು ಕಾರಣಗಳಿರಬಹುದು. ನಾವು ಜೋಡಿಸಿದ ಕಾರಣ ಊಹೆಯೋ ದಾಖಲೆಯೋ ಎಂಬುದನ್ನು ಪಕ್ಕದಲ್ಲಿ ಬರೆಯಬೇಕು ಎಂದೆ. ಅವರು ಆವರಣದಲ್ಲಿ ‘ಊಹೆ’ ಎಂದು ಬರೆದುಕೊಂಡರು. ಇಡೀ ಪಾಠದಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟದ್ದು ಆ ಒಂದು ಪದ.

ಎಲ್ಲ ಗುಂಪುಗಳೂ ಹಲಗೆಯ ಮೇಲೆ ತುಂಬಿದ ನಂತರ ಒಟ್ಟಾಗಿ ಓದಿದೆವು. ಐವತ್ತರ ದಶಕದಲ್ಲಿ ಭಾರತ ಹೊಸದಾಗಿ ಸ್ವತಂತ್ರವಾದ ದೇಶ, ಯಾವ ಬಣಕ್ಕೂ ಸೇರದ್ದು. ಅದಕ್ಕೇ ಎರಡೂ ಕಡೆಯವರಿಗೆ ಬೇಕಾಯಿತು. ಅರವತ್ತರ ದಶಕದ ಮಧ್ಯದಿಂದ ಸುಮಾರು ಇಪ್ಪತ್ತೈದು ವರ್ಷ ದೊಡ್ಡ ಹೊಸ ಪಡೆಗಳು ಹೋದದ್ದು ಕಾಣುವುದಿಲ್ಲ. ದಂಡನಾಯಕರು ಮತ್ತು ಅಧಿಕಾರಿಗಳು ಹೋದರು. ಶೀತಲ ಸಮರ ಮುಗಿದ ಮೇಲೆ ಕಾಂಬೋಡಿಯಾ, ಮೊಜಾಂಬಿಕ್, ಸೊಮಾಲಿಯಾ, ಅಂಗೋಲಾಗಳಿಗೆ ಮತ್ತೆ ಪಡೆಗಳು ಹೊರಟವು. 2007ರಲ್ಲಿ ಲೈಬೀರಿಯಾಕ್ಕೆ ಹೋದ ಭಾರತದ ಪೊಲೀಸ್ ತುಕಡಿ ಪೂರ್ತಿ ಮಹಿಳೆಯರದೇ. ವಿಶ್ವಸಂಸ್ಥೆಯ ಇತಿಹಾಸದಲ್ಲಿ ಅಂಥದ್ದು ಮೊದಲು. ಈಗ ಹೆಚ್ಚು ಸೈನಿಕರನ್ನು ಕೊಡುವ ದೇಶಗಳ ಸಾಲಿನಲ್ಲಿ ನೇಪಾಳ, ಬಾಂಗ್ಲಾದೇಶ, ರುವಾಂಡಾಗಳ ಜೊತೆ ಭಾರತವೂ ಇದೆ. ಭದ್ರತಾ ಮಂಡಳಿಯಲ್ಲಿ ಕಾಯಂ ಸ್ಥಾನ ಬೇಕೆಂಬ ನಮ್ಮ ಬೇಡಿಕೆಗೆ ಈ ಸೇವೆಯೂ ಒಂದು ಆಧಾರ. ಪಡೆಗೆ ಏನು ಆದೇಶ ಕೊಡಬೇಕೆಂದು ತೀರ್ಮಾನಿಸುವವರು ಒಬ್ಬರು, ಸೈನಿಕರನ್ನು ಕೊಡುವವರು ಇನ್ನೊಬ್ಬರು ಎಂಬುದು ಭಾರತದ ಹಳೆಯ ದೂರು.

‘ಹಂಗಾದ್ರೆ ಸ್ವಾರ್ಥಾನಾ ಮಿಸ್?’ ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದ. ಈ ಸಲ ‘ಮುಂದೆ ನೋಡೋಣ’ ಎನ್ನಲಿಲ್ಲ. ತತ್ವವೂ ಲಾಭವೂ ಒಂದೇ ನಿರ್ಧಾರದಲ್ಲಿ ಇರಬಹುದು; 2003ರಲ್ಲಿ ಇರಾಕಿಗೆ ಹೋಗದಿದ್ದರಲ್ಲಿ ಯಾವುದು ಎಷ್ಟಿತ್ತು ಎಂದು ನೀವೇ ಚರ್ಚಿಸಿ ಎಂದೆ. ಐದು ನಿಮಿಷ ಚರ್ಚೆ ನಡೆಯಿತು, ಒಮ್ಮತ ಬರಲಿಲ್ಲ. ಅಲ್ಲಿಗೇ ಬಿಟ್ಟೆ.

ಎರಡು ಕಷ್ಟದ ಪ್ರಶ್ನೆಗಳು

ಮೊದಲನೆಯದು ನಾನು ನಿರೀಕ್ಷಿಸಿದ್ದೇ. ‘ನಮ್ಮ ದೇಶದಲ್ಲೂ ಬೇರೆಯವರ ನೀಲಿ ಟೋಪಿ ಇದೆಯಾ ಮಿಸ್?’ ಇದೆ. ಕಾಶ್ಮೀರದ ಕದನವಿರಾಮವನ್ನು ಗಮನಿಸಲು ವಿಶ್ವಸಂಸ್ಥೆಯ ವೀಕ್ಷಕರ ತಂಡ 1949ರ ಜನವರಿಯಲ್ಲಿ ಬಂತು, ಇನ್ನೂ ಇದೆ. 1972ರ ಶಿಮ್ಲಾ ಒಪ್ಪಂದದ ಬಳಿಕ ಇದು ಎರಡು ದೇಶಗಳೇ ಬಗೆಹರಿಸಿಕೊಳ್ಳುವ ವಿಷಯ, ಆ ತಂಡದ ಕೆಲಸ ಮುಗಿಯಿತು ಎಂಬುದು ಭಾರತದ ನಿಲುವು. ಮುಗಿಸುವ ಅಧಿಕಾರ ಭದ್ರತಾ ಮಂಡಳಿಗೆ ಮಾತ್ರ ಎಂಬುದು ವಿಶ್ವಸಂಸ್ಥೆಯ ನಿಲುವು. ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದೆ, ನನ್ನ ಅಭಿಪ್ರಾಯ ಸೇರಿಸಲಿಲ್ಲ. ಇಂಥ ಸೂಕ್ಷ್ಮ ವಿಷಯವನ್ನು ಮುಟ್ಟಬಹುದೇ ಎಂದು ಮಾರ್ಗದರ್ಶಕರನ್ನು ಮೊದಲೇ ಕೇಳಿದ್ದೆ. ‘ಎರಡೂ ಕಡೆಯದನ್ನ ಅವರವರ ಮಾತಲ್ಲೇ ಹೇಳಿ, ಅಷ್ಟಕ್ಕೆ ನಿಲ್ಸಿ’ ಎಂದಿದ್ದರು. ಹಾಗೇ ಮಾಡಿದೆ. ಕಳುಹಿಸುವ ದೇಶವಾಗಿ ಒಂದು ನೋಟ, ಬರಮಾಡಿಕೊಳ್ಳುವ ದೇಶವಾಗಿ ಇನ್ನೊಂದು ನೋಟ ಇರಬಹುದೆಂಬುದು ಮಕ್ಕಳಿಗೆ ಅರ್ಥವಾಯಿತು.

ನಿಲುವು ಬದಲಾಯಿಸಿದ್ದು ನಾವೊಬ್ಬರೇ ಅಲ್ಲ ಎಂದು ತೋರಿಸಲು ಚೀನಾದ ಉದಾಹರಣೆ ಕೊಟ್ಟೆ. 1971ರಲ್ಲಿ ವಿಶ್ವಸಂಸ್ಥೆಯ ಸ್ಥಾನ ಪಡೆದ ಜನತಾ ಚೀನಾ ಹಲವು ವರ್ಷ ಶಾಂತಿಪಾಲನೆಯ ನಿರ್ಣಯಗಳ ಮತದಾನದಿಂದ ದೂರವೇ ಉಳಿಯಿತು. ಅದು ಪರವಾಗಿ ಮತ ಹಾಕಲು ಆರಂಭಿಸಿದ್ದು 1981ರಲ್ಲಿ, ಸೈಪ್ರಸ್ ಪಡೆಯ ಅವಧಿ ವಿಸ್ತರಣೆಗೆ. ತಿಮ್ಮಯ್ಯನವರು ನಡೆಸಿದ್ದ ಅದೇ ಪಡೆ. 1990ರಲ್ಲಿ ಬೆರಳೆಣಿಕೆಯ ವೀಕ್ಷಕರು, 1992ರಲ್ಲಿ ಕಾಂಬೋಡಿಯಾಕ್ಕೆ ಎಂಜಿನಿಯರುಗಳು. ಇವತ್ತು ಐದು ಕಾಯಂ ಸದಸ್ಯರಲ್ಲಿ ಹೆಚ್ಚು ಸೈನಿಕರನ್ನು ಕೊಡುವ ದೇಶ ಚೀನಾ. ‘ಅವರಿಗೂ ಇದೇ ನಾಲ್ಕು ಪ್ರಶ್ನೆ ಕೇಳಬಹುದು’ ಎಂದ ಒಬ್ಬ. ನನಗೆ ಬೇಕಾಗಿದ್ದ ಮಾತೂ ಅದೇ.

ಎರಡನೇ ಕಷ್ಟದ ಪ್ರಶ್ನೆ ನಾನು ಉಳಿಸಿಕೊಂಡಿದ್ದ ಸಾಲ. ಯಾರ ಹೆಸರೂ ಎತ್ತದೆ, ‘ಹೋದ ವಾರ ಜಾಕೆಟ್ಟಿನ ಪ್ರಶ್ನೆ ಬಂದಿತ್ತು. ಈಗ ಹಲಗೆ ನೋಡಿ ನೀವೇ ಹೇಳಿ’ ಎಂದೆ. ಕಾಂಗೊ ಗುಂಪಿನವನೊಬ್ಬ ಎದ್ದು, ‘ಕೆಲವು ಕಡೆ ಕಾಯೋಕೆ ಶಾಂತಿ ಇರುತ್ತೆ ಮಿಸ್, ಕೆಲವು ಕಡೆ ಅದೇ ಇರಲ್ಲ’ ಎಂದ. ಅದನ್ನೇ ಹಿಡಿದು ದಕ್ಷಿಣ ಸುಡಾನ್ ಬಗ್ಗೆ ಹೇಳಿದೆ. 2011ರ ಜುಲೈನಲ್ಲಿ ಅದು ಹೊಸ ದೇಶವಾಯಿತು. ಅದನ್ನು ಕಟ್ಟಲು ನೆರವಾಗಲೆಂದು ವಿಶ್ವಸಂಸ್ಥೆಯ ಪಡೆ ಹೋಯಿತು. 2013ರ ಡಿಸೆಂಬರ್‌ನಲ್ಲಿ ಅಂತರ್ಯುದ್ಧ ಶುರುವಾದಾಗ ಸಾವಿರಾರು ಜನ ಓಡಿ ಬಂದು ವಿಶ್ವಸಂಸ್ಥೆಯ ಶಿಬಿರಗಳ ಬೇಲಿಯೊಳಗೆ ಸೇರಿಕೊಂಡರು. ಮರುವರ್ಷ ಆದೇಶವೇ ಬದಲಾಯಿತು. ನಾಗರಿಕರ ರಕ್ಷಣೆ ಮೊದಲ ಕೆಲಸವಾಯಿತು. ಕಾಯುವವರು ಬೇಲಿಯಲ್ಲಿ ನಿಂತಿರುತ್ತಾರೆ, ಅದಕ್ಕೇ ಜಾಕೆಟ್ಟು.

ಹೇಳುವಾಗ ನಾನು ಮೂರನೇ ಬೆಂಚಿನ ಕಡೆ ನೋಡಲಿಲ್ಲ. ಬೇರೆ ಯಾರೂ ನೋಡಿದ್ದು ಕಾಣಲಿಲ್ಲ. ಅವಳು ಶ್ರೀಲಂಕಾ ಗುಂಪಿನಲ್ಲಿ ಕುಳಿತು ಹಲಗೆಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದಳು.

ಮೌಲ್ಯಮಾಪನ

ಕಿರುಪರೀಕ್ಷೆಯಲ್ಲಿ ‘ಭಾರತ ಶಾಂತಿಪ್ರಿಯ ದೇಶ ಹೇಗೆ?’ ಎಂಬ ಪ್ರಶ್ನೆಯನ್ನು ಕೈಬಿಟ್ಟೆ. ಬದಲಿಗೆ, ‘ಯಾವುದಾದರೂ ಎರಡು ಸಂದರ್ಭ ಆರಿಸಿ, ಭಾರತದ ನಿರ್ಧಾರ ಒಂದರಲ್ಲಿ ಹಾಗೆ ಇನ್ನೊಂದರಲ್ಲಿ ಹೀಗೆ ಏಕಿತ್ತು ಎಂದು ವಿವರಿಸಿ’ ಎಂದು ಕೇಳಿದೆ. ಹೆಚ್ಚಿನವರು ಕಾಂಗೊ ಮತ್ತು ಸೈಪ್ರಸ್ ಆರಿಸಿದರು. ಕೆಲವರು ಶ್ರೀಲಂಕಾ ಮತ್ತು ಇರಾಕ್ ಜೋಡಿಸಿ, ಮೊದಲನೆಯದರ ಅನುಭವ ಎರಡನೆಯದರಲ್ಲಿ ನೆನಪಿಗೆ ಬಂದಿರಬಹುದು ಎಂದು ಬರೆದು ಪಕ್ಕದಲ್ಲಿ ‘ಊಹೆ’ ಎಂದು ಗುರುತಿಸಿದ್ದರು. ಇಸವಿಗಳಲ್ಲಿ ತಪ್ಪುಗಳಿದ್ದವು. ಸಿಯೆರಾ ಲಿಯೋನ್ ಅನ್ನು ಶ್ರೀಲಂಕಾದ ಹತ್ತಿರ ಇಟ್ಟವರೂ ಇದ್ದರು. ಭೂಪಟವನ್ನು ತರಗತಿಗೆ ಒಯ್ಯದಿದ್ದದ್ದು ನನ್ನ ತಪ್ಪು. ಅದಕ್ಕಾಗಿ ಸ್ವಲ್ಪ ಸಮಯ ಪ್ರತ್ಯೇಕವಾಗಿ ತೆಗೆದುಕೊಳ್ಳಬೇಕಾಯಿತು.

ಆ ಹುಡುಗಿ ಉತ್ತರಪತ್ರಿಕೆಯ ಜೊತೆ ಒಂದು ಮಡಿಸಿದ ಹಾಳೆ ಕೊಟ್ಟಳು. ಅದರಲ್ಲಿ ಏಳನೇ ಚೀಟಿ ಇತ್ತು, ತಾನೇ ಬರೆದದ್ದು. ಯಾರು ಕರೆದರು: ವಿಶ್ವಸಂಸ್ಥೆ. ಅಲ್ಲಿನವರು ಒಪ್ಪಿದ್ದರೆ: ಸರ್ಕಾರ ಹೌದು, ಎಲ್ಲರೂ ಅಲ್ಲ. ಕೆಲಸ ಏನು: ಬೇಲಿಯೊಳಗೆ ಬಂದ ಜನರನ್ನು ಕಾಯುವುದು. ಬೆಲೆ ಏನು: ಒಂದು ವರ್ಷ ಅಪ್ಪ ಮನೆಯಲ್ಲಿ ಇರುವುದಿಲ್ಲ. ನಾಲ್ಕನೇ ಅಂಕಣದಲ್ಲಿ ನಾವೆಲ್ಲ ಸಾವಿನ ಲೆಕ್ಕವನ್ನಷ್ಟೇ ಬರೆದಿದ್ದೆವು. ಅವಳ ಮತ್ತು ಅವಳ ತಾಯಿಯ ಒಪ್ಪಿಗೆ ಪಡೆದು ಇದನ್ನು ಇಲ್ಲಿ ಬರೆದಿದ್ದೇನೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ನನ್ನ ಅನುಭವದಿಂದ ಮೂರು ಮಾತು. ಒಂದು, ದೇಶಗಳ ಬಗ್ಗೆ ಪಾಠ ಮಾಡುವಾಗ ವಿಶೇಷಣಗಳನ್ನು ಹಲಗೆಯಿಂದ ದೂರವಿಡಿ; ನಿರ್ಧಾರಗಳನ್ನೂ ಅವುಗಳ ಕಾರಣಗಳನ್ನೂ ಬರೆಯಿರಿ. ಎರಡು, ಸಾವಿನ ಸಂಖ್ಯೆ ಹೇಳುವ ಮುನ್ನ ತರಗತಿಯಲ್ಲಿ ಯಾರ ಮನೆಯವರು ಎಲ್ಲಿದ್ದಾರೆ ಎಂದು ತರಗತಿ ಶಿಕ್ಷಕರನ್ನು ಕೇಳಿ ತಿಳಿದುಕೊಳ್ಳ���. ಕೃಷ್ಣಮೂರ್ತಿಪುರಂನ ಒಂದು ಬೆಂಚಿಗೂ ದಕ್ಷಿಣ ಸುಡಾನಿಗೂ ನಂಟಿರುವುದು ನನಗೆ ತಡವಾಗಿ ತಿಳಿಯಿತು. ಮೂರು, ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ‘ನಾಳೆ ಓದಿಕೊಂಡು ಬಂದು ಹೇಳ್ತೀನಿ’ ಎಂದು ಹೇಳಿ, ಹಾಗೇ ಮಾಡಿ.

ವಿಶ್ವಸಂಸ್ಥೆಯ ಕೆಲಸದಲ್ಲಿ ಮಡಿದ ಎಲ್ಲ ದೇಶಗಳ ಶಾಂತಿಪಾಲಕರಿಗಾಗಿ ನ್ಯೂಯಾರ್ಕಿನಲ್ಲಿ ಸ್ಮಾರಕ ಗೋಡೆ ಕಟ್ಟಬೇಕೆಂಬ ಭಾರತದ ಪ್ರಸ್ತಾವವನ್ನು 2023ರ ಜೂನ್‌ನಲ್ಲಿ ಸಾಮಾನ್ಯ ಸಭೆ ಒಪ್ಪಿತು. ಮುಂದಿನ ಸಲ ಈ ಪಾಠ ಮಾಡುವಾಗ ಅಲ್ಲಿಂದ ಶುರುಮಾಡಿ, ಪ್ರತಿ ಹೆಸರಿನ ಹಿಂದೆ ಈ ನಾಲ್ಕು ಪ್ರಶ್ನೆಗಳನ್ನು ಕೇಳಿಸಬೇಕೆಂದಿದ್ದೇನೆ. ಭೂಪಟವನ್ನೂ ಮರೆಯದೆ ಒಯ್ಯುತ್ತೇನೆ.